ಗ್ಯಾಸ್ ಟ್ಯಾಂಕಿನಿಂದ ಹೊಗೆಬಂಡಿ

250 ಗ್ಯಾಲನ್ ಹಿಡಿಸುವ ಹಳೆಯ ಪ್ರೊಪೇನ್ ಟ್ಯಾಂಕೊಂದನ್ನು ಹೇರಿಕೊಂಡು ಬಂದು ಮನೆಯ ಮುಂದೆ ಇಳಿಸಿದ ದಿನ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ನೀವು ದುಡ್ಡು ಕೊಟ್ರಾ, ಇಲ್ಲ ತಗೊಂಡು ಹೋಗಿ ಅಂತ ಅವರೇ ಕೊಟ್ರಾ?" ಕೊಟ್ಟವನು ನಾನೇ, 200 ಡಾಲರ್. ಮೂವತ್ತು ಇಂಚು ಅಡ್ಡಳತೆ, ಎಂಟು ಅಡಿಗೆ ತುಸು ಕಡಿಮೆ ಉದ್ದ, ಸುಮಾರು ಕಾಲು ಇಂಚು ದಪ್ಪದ ಉಕ್ಕು, ತೂಕ 480 ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ 218 ಕಿಲೋ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಆಸ್ಟಿನ್ ನಗರದ ಉತ್ತರಕ್ಕಿರುವ ರೌಂಡ್ ರಾಕ್‌ನಲ್ಲಿ ನಾವು ನೆಲೆಸಿ ಒಂಬತ್ತು ವರ್ಷವಾಗಿತ್ತು. ಆ ಒಂಬತ್ತು ವರ್ಷವೂ ಬೇರೆಯವರ ಹೊಗೆಯನ್ನು ಮೂಸುತ್ತ ಓಡಾಡಿದ ಮೇಲೆ, ಟ್ರೈಲರಿನ ಮೇಲೆ ಕೂರಿಸಿ ಎಲ್ಲಿಗೆ ಬೇಕಾದರೂ ಎಳೆದೊಯ್ಯಬಹುದಾದ ಒಂದು ಸ್ಮೋಕರನ್ನು, ಅಂದರೆ ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆಯನ್ನು, ಸ್ವಂತ ಕೈಯಿಂದ ಕಟ್ಟಬೇಕೆಂಬ ಹುಚ್ಚು ಹತ್ತಿತು.

ಊರಿನಲ್ಲಿರುವವರಿಗೆ ಬಾರ್ಬೆಕ್ಯೂ ಎಂದರೆ ಕೆಂಡದ ಮೇಲೆ ಸರಳು ಚುಚ್ಚಿಟ್ಟು ಸುಡುವ ಕೋಳಿಯ ತುಂಡು ನೆನಪಾಗುತ್ತದೆ. ಮಧ್ಯ ಟೆಕ್ಸಸ್‌ನ ಬಾರ್ಬೆಕ್ಯೂ ಅದಲ್ಲ. ಇಲ್ಲಿ ಬೆಂಕಿ ಒಂದು ಪೆಟ್ಟಿಗೆಯಲ್ಲಿ, ಮಾಂಸ ಇನ್ನೊಂದು ಕೋಣೆಯಲ್ಲಿ. ಎರಡರ ನಡುವೆ ಒಂದು ಕಿಂಡಿ. ಸೌದೆಯ ಬಿಸಿಯೂ ಹೊಗೆಯೂ ಆ ಕಿಂಡಿಯಿಂದ ನುಗ್ಗಿ, ಮಾಂಸದ ಮೇಲೆ ಹಾದು, ಆಚೆ ತುದಿಯ ಚಿಮಣಿಯಿಂದ ಹೊರಬೀಳುವ ಹೊತ್ತಿಗೆ ತಮ್ಮ ಕೆಲಸ ಮುಗಿಸಿರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದು ನೆಲೆಸಿದ ಜರ್ಮನ್ ಮತ್ತು ಚೆಕ್ ಕಸಾಯಿಗಳು ತಮ್ಮ ಅಂಗಡಿಯಲ್ಲಿ ಮಾರದೆ ಉಳಿದ ಮಾಂಸವನ್ನು ಹೀಗೆ ಹೊಗೆಯಲ್ಲಿ ಬೇಯಿಸಿ ಮಾರುತ್ತಿದ್ದರು. ಆಸ್ಟಿನ್‌ನಿಂದ ದಕ್ಷಿಣಕ್ಕೆ ಮೂವತ್ತು ಮೈಲಿ ಹೋದರೆ ಸಿಗುವ ಲಾಕ್‌ಹಾರ್ಟ್ ಎಂಬ ಸಣ್ಣ ಊರಿನಲ್ಲಿ 1900ರಿಂದ ನಡೆದುಬಂದಿರುವ ಕ್ರೈಟ್ಸ್ ಮಾರ್ಕೆಟ್‌ನಂಥ ಅಂಗಡಿಗಳು ಇಂದಿಗೂ ಇವೆ. 1999ರಲ್ಲಿ ರಾಜ್ಯದ ಶಾಸನಸಭೆಯ ಕೆಳಮನೆ ಆ ಊರನ್ನು ಟೆಕ್ಸಸ್‌ನ ಬಾರ್ಬೆಕ್ಯೂ ರಾಜಧಾನಿ ಎಂದೇ ಕರೆದು ನಿರ್ಣಯ ಮಾಡಿತು. ಅಂಗಡಿಗಳ ಹಳೆಯ ಒಲೆಗಳು ಇಟ್ಟಿಗೆಯವು. ಮನೆಮಂದಿ ಕಟ್ಟಿಕೊಳ್ಳುವ ಉಕ್ಕಿನ ಸ್ಮೋಕರುಗಳಿಗೆ ಮಾತ್ರ ಎಣ್ಣೆಬಾವಿಯ ಹಳೆಯ ಪೈಪುಗಳೂ ಬಳಸಿ ಬಿಟ್ಟ ಗ್ಯಾಸ್ ಟ್ಯಾಂಕುಗಳೂ ಒದಗಿಬಂದವು. ಈ ನಾಡಿನಲ್ಲಿ ಅವಕ್ಕೇನೂ ಬರವಿಲ್ಲ.

ನನಗೆ ಈ ಯಂತ್ರ ಮೊದಲ ನೋಟಕ್ಕೇ ಅರ್ಥವಾದಂತೆ ಅನ್ನಿಸಿದ್ದಕ್ಕೆ ಕಾರಣ ನಮ್ಮ ಬ್ಯಾರನ್. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ ಬ್ಯಾರನ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಅದು ಕಿಟಕಿಯಿಲ್ಲದ ಎತ್ತರದ ಕೋಣೆ. ಒಳಗೆ ಕೋಲುಗಳಿಗೆ ಕಟ್ಟಿದ ಸೊಪ್ಪನ್ನು ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಯಲ್ಲಿ ಸೌದೆ ಉರಿಸಿ, ನೆಲದ ಮೇಲೆ ಹಾಯುವ ಕಬ್ಬಿಣದ ಪೈಪುಗಳ ಬಿಸಿಯಿಂದ ಐದಾರು ದಿನ ಹದ ಮಾಡುತ್ತಾರೆ. ಅಪ್ಪ ಆ ಐದಾರು ರಾತ್ರಿಯೂ ಒಲೆಯ ಬಾಯಿಯ ಮುಂದೆ ಗೋಣಿಚೀಲ ಹಾಸಿಕೊಂಡು ಮಲಗಿ, ಗಂಟೆಗೊಮ್ಮೆ ಎದ್ದು ಥರ್ಮಾಮೀಟರ್ ನೋಡಿ, ಒಂದು ಕೊಳ್ಳಿ ಒಳಗೆ ತಳ್ಳಿಯೋ ಒಂದು ಹೊರಗೆ ಎಳೆದೋ ಮತ್ತೆ ಮಲಗುತ್ತಿದ್ದರು. ಬ್ಯಾರನ್ನಿನ ಈ ಜ್ಞಾನ ನನಗೆ ಟೆಕ್ಸಸ್‌ನಲ್ಲಿ ಉಪಯೋಗಕ್ಕೆ ಬಂತು. ಅದಕ್ಕೂ ಮೊದಲು ನನ್ನನ್ನು ಒಂದು ದೊಡ್ಡ ತಪ್ಪಿಗೂ ದೂಡಿತು. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಟ್ಯಾಂಕನ್ನು ಕತ್ತರಿಸುವ ಮುಂಚಿನ ಕೆಲಸವೇ ಇಡೀ ಯೋಜನೆಯಲ್ಲಿ ಅತ್ಯಂತ ಅಪಾಯದ್ದು, ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಮಾರಿದ ರೈತ, ವಾಲ್ವು ತೆರೆದಿಟ್ಟು ಒಂದು ವರ್ಷವಾಯಿತು, ಒಳಗೆ ಏನೂ ಇಲ್ಲ ಎಂದಿದ್ದ. ನಮ್ಮ ಪಕ್ಕದ ಮನೆಯ ಯಜಮಾನರು ನಲವತ್ತು ವರ್ಷ ಪೈಪ್‌ಲೈನ್ ವೆಲ್ಡರ್ ಆಗಿ ದುಡಿದು ನಿವೃತ್ತರಾದವರು. ಅವರು ಆ ಮಾತು ಕೇಳಿ, ಖಾಲಿ ಟ್ಯಾಂಕು ಎಂಬುದು ಲೋಕದಲ್ಲೇ ಇಲ್ಲ, ನೀರು ತುಂಬಿದ ಟ್ಯಾಂಕು ಮತ್ತು ಸಿಡಿಯುವ ಟ್ಯಾಂಕು ಎಂಬ ಎರಡೇ ಜಾತಿ ಇರುವುದು ಎಂದರು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಮೇಲಿನ ವಾಲ್ವು ವರ್ಷಗಟ್ಟಲೆ ತೆರೆದಿದ್ದರೂ ಅದು ತಳದಲ್ಲಿ ಹಳ್ಳದ ನೀರಿನಂತೆ ಮಲಗಿರಬಲ್ಲದು. ಹಾಗಾಗಿ ನಾಲ್ಕಡಿ ಪೈಪನ್ನು ಸ್ಪ್ಯಾನರಿನ ಹಿಡಿಗೆ ತೊಡಿಸಿ ಜೋತುಬಿದ್ದು ವಾಲ್ವುಗಳನ್ನು ಬಿಚ್ಚಿ, ಪಾತ್ರೆ ತೊಳೆಯುವ ಸೋಪಿನ ದ್ರಾವಣ ಸುರಿದು, ತೋಟದ ಪೈಪಿನಿಂದ ಟ್ಯಾಂಕಿನ ಬಾಯಿಯವರೆಗೂ ನೀರು ತುಂಬಿಸಿದೆ. 250 ಗ್ಯಾಲನ್ ನೀರಿನ ತೂಕ ಎರಡು ಸಾವಿರ ಪೌಂಡು ದಾಟುತ್ತದೆ. ಟ್ರೈಲರಿನ ಮೇಲೆ ಕೂರಿಸಿಯೇ ತುಂಬಿಸಿಬಿಡೋಣವೆಂಬ ನನ್ನ ಮೊದಲ ಯೋಚನೆಯನ್ನು ಯಜಮಾನರು ತಡೆಯದೆ ಹೋಗಿದ್ದರೆ ಅದರ ಅಚ್ಚು ಅಂದೇ ಮುಲುಗುತ್ತಿತ್ತು.

ನೀರು ತುಂಬಿದ ಹಾಗೆಲ್ಲ ಒಳಗಿದ್ದ ಗಾಳಿ ಹೊರಬರಬೇಕಲ್ಲ, ಬಂತು. ಅಡುಗೆ ಗ್ಯಾಸ್ ಸೋರಿದರೆ ಗೊತ್ತಾಗಲೆಂದು ಬೆರೆಸುವ ಮರ್ಕ್ಯಾಪ್ಟನ್ ಎಂಬ ವಾಸನೆದ್ರವ್ಯ ಟ್ಯಾಂಕಿನ ಒಳಗೆ ಅಂಟಿಕೊಂಡು ಬೇಗ ಬಿಡುವುದಿಲ್ಲ. ಕೊಳೆತ ಈರುಳ್ಳಿ ಮೂಟೆಯೊಂದನ್ನು ಬಡಾವಣೆಯ ನಡುವೆ ಬಿಚ್ಚಿದಂತಾಯಿತು. ಅರ್ಧ ಗಂಟೆಯೊಳಗೆ ಮನೆಯ ಮುಂದೆ ಅಗ್ನಿಶಾಮಕ ದಳದ ಕೆಂಪು ಗಾಡಿ ನಿಂತಿತ್ತು. ಗ್ಯಾಸ್ ಸೋರುತ್ತಿದೆಯೆಂದು ಎರಡು ಬೀದಿ ಆಚೆಯಿಂದ ಯಾರೋ ಫೋನು ಮಾಡಿದ್ದರು. ಅವರು ಮೀಟರ್ ಹಿಡಿದು ಸುತ್ತಾಡಿ, ವಾಸನೆಯೇ ಹೊರತು ಗ್ಯಾಸಿಲ್ಲವೆಂದು ಖಚಿತಪಡಿಸಿಕೊಂಡು, ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ. ಗಂಭೀರವಾಗಿ ನಿಂತಿದ್ದ ನಾಲ್ವರ ಮುಖವೂ ಒಟ್ಟಿಗೆ ಅರಳಿತು, ಮತ್ತು ಮುಂದಿನ ಹದಿನೈದು ನಿಮಿಷ ಕಿಂಡಿ ಎಷ್ಟು ದೊಡ್ಡದಿರಬೇಕೆಂಬ ಬಗ್ಗೆ ಅವರವರಲ್ಲೇ ಚರ್ಚೆ ನಡೆಯಿತು. ಟೆಕ್ಸಸ್‌ನಲ್ಲಿ ಈ ವಿಷಯದಲ್ಲಿ ಅಭಿಪ್ರಾಯವಿಲ್ಲದ ಗಂಡಸನ್ನು ನಾನಿನ್ನೂ ಕಂಡಿಲ್ಲ.

ಎರಡು ದಿನದ ಮೇಲೆ, ನೀರು ತುಂಬಿರುವಂತೆಯೇ ಬ್ಯಾಟರಿಯ ಡ್ರಿಲ್ಲಿನಿಂದ ಮೊದಲ ರಂಧ್ರ ಕೊರೆದು, ನೀರು ಖಾಲಿ ಮಾಡಿ, ಮತ್ತೆ ತೊಳೆದು, ಮತ್ತೆ ತುಂಬಿಸಿ, ಮೂರನೆಯ ಸಲ ತೊಳೆದಾದ ಮೇಲೆಯೇ ಯಜಮಾನರು ಗ್ರೈಂಡರ್ ಮುಟ್ಟಲು ಬಿಟ್ಟರು. ಬಾಗಿಲಿನ ಗೆರೆಗಳನ್ನು ಬಳಪದಿಂದ ಎಳೆದುಕೊಂಡು ಕತ್ತರಿಸತೊಡಗಿದೆ. ಎರಡು ಬಾಗಿಲುಗಳಿಗೆ ಹದಿನಾಲ್ಕು ಕಟಿಂಗ್ ಡಿಸ್ಕುಗಳು ಸವೆದವು.

ಇಲ್ಲಿ ನನ್ನ ಮೊದಲ ಎಡವಟ್ಟು. ಟ್ಯಾಂಕಿನ ತಗಡನ್ನು ಉರುಳೆಯಲ್ಲಿ ಬಗ್ಗಿಸಿ ದುಂಡಗೆ ಮಾಡಿರುತ್ತಾರೆ; ಒಳಗೆ ಬಿಗಿ ಉಳಿದಿರುತ್ತದೆ. ನಾಲ್ಕೂ ಕಡೆ ಕತ್ತರಿಸಿದ ಕ್ಷಣ ಆ ಬಿಗಿ ಸಡಿಲಗೊಂಡು ತುಂಡು ತನಗೆ ಬೇಕಾದ ಆಕಾರಕ್ಕೆ ತಿರುಗಿಕೊಳ್ಳುತ್ತದೆ. ಬಲ್ಲವರು ಮೊದಲು ಹಿಂಜಿನ ಕಡೆಯ ಒಂದು ಗೆರೆಯನ್ನಷ್ಟೇ ಕತ್ತರಿಸಿ, ಹಿಂಜುಗಳನ್ನು ಬೆಸೆದು, ಬಾಗಿಲಿನ ಅಂಚಿಗೆ ಪಟ್ಟಿ ಬೆಸೆದು ಬಿಗಿಮಾಡಿಕೊಂಡ ನಂತರವೇ ಉಳಿದ ಮೂರು ಕಡೆ ಕತ್ತರಿಸುತ್ತಾರೆ. ಇದನ್ನು ನಾನು ಓದಿದ್ದೆ. ಓದಿದ್ದರೂ ಒಂದು ಶನಿವಾರ ಬೆಳಗ್ಗೆ ಯಜಮಾನರು ಏಳುವುದಕ್ಕೆ ಮುಂಚೆ ಉತ್ಸಾಹದಲ್ಲಿ ಎಡಗಡೆಯ ಬಾಗಿಲನ್ನು ನಾಲ್ಕೂ ಕಡೆ ಕತ್ತರಿಸಿಬಿಟ್ಟೆ. ಕೊನೆಯ ಅಂಗುಲ ಬಿಟ್ಟುಕೊಂಡಾಗ ಟಣ್ಣೆಂಬ ಸದ್ದಾಗಿ ಬಾಗಿಲು ಹಾರಿ ಕೂತಿತು. ಮತ್ತೆ ಇಟ್ಟು ನೋಡಿದರೆ ಕೆಳಮೂಲೆಯಲ್ಲಿ ಬೆರಳು ತೂರುವಷ್ಟು ಸಂದು. ಯಜಮಾನರು ಕಾಫಿಯ ಲೋಟ ಹಿಡಿದು ಬಂದವರು ನೋಡಿ ಏನೂ ಅನ್ನಲಿಲ್ಲ, ಮನೆಗೆ ಹೋಗಿ ಸರಪಣಿ ಮತ್ತು ಜಾಕ್ ತಂದರು. ಆ ಬಾಗಿಲನ್ನು ಟ್ಯಾಂಕಿಗೆ ಬಿಗಿದು ಕಾಯಿಸಿ ಬಡಿದು ದಾರಿಗೆ ತರಲು ಎರಡು ವಾರಾಂತ್ಯ ಹಿಡಿಯಿತು. ಬಲಗಡೆಯ ಬಾಗಿಲು ಕ್ರಮಪ್ರಕಾರ ಮಾಡಿದ್ದರಿಂದ ಅರ್ಧ ದಿನದಲ್ಲಿ ಮುಗಿಯಿತು.

ವೆಲ್ಡಿಂಗ್ ಬಗ್ಗೆ ಹೆಚ್ಚು ಬರೆಯುವ ಅರ್ಹತೆ ನನಗಿಲ್ಲ. ಇಲ್ಲಿಯ ಮನೆಗಳ ಸಾಮಾನ್ಯ ಸಾಕೆಟ್ಟಿನಲ್ಲಿ ಬರುವುದು 120 ವೋಲ್ಟ್. ಕಾಲಿಂಚಿನ ಪ್ಲೇಟು ಬೆಸೆಯಲು ಅದು ಸಾಲದೆ, ಬಟ್ಟೆ ಒಣಗಿಸುವ ಯಂತ್ರದ 240 ವೋಲ್ಟಿನ ಸಾಕೆಟ್ಟಿನಿಂದ ವೈರು ಎಳೆಯಬೇಕಾಯಿತು, ಆ ತಿಂಗಳೆಲ್ಲ ಮನೆಯವರ ಬಟ್ಟೆ ಹಗ್ಗದ ಮೇಲೆ ಒಣಗಿತು. ನನ್ನ ಮೊದಲ ಬೆಸುಗೆ ಗೋಡೆಯ ಮೇಲೆ ಗೆದ್ದಲು ಹಿಡಿದ ಗೆರೆಯಂತಿತ್ತು. ಕೊನೆಯದು ಅಷ್ಟು ಕೆಟ್ಟದಾಗಿಲ್ಲ. ಟ್ರೈಲರಿಗೆ ಸೇರುವ ಕಾಲುಗಳ ಬೆಸುಗೆ ಮಾತ್ರ ಯಜಮಾನರದು. ರಸ್ತೆಯ ಮೇಲೆ ಕಳಚಿ ಬೀಳುವ ವಸ್ತುವಿಗೆ ಕಲಿಯುವವನ ಬೆಸುಗೆ ಸಲ್ಲದೆಂದು ಅವರು ನನ್ನ ಕೈಯಿಂದ ಬೆಸುಗೆಯ ಗನ್ ಕಿತ್ತುಕೊಂಡರು. ಇನ್ನೊಂದು ಮಾತು: ಮಾಂಸ ಇಡುವ ಒಳಗಿನ ಜಾಲರಿಗೆ ಅಗ್ಗವಾಗಿ ಸಿಗುವ ಸತುವಿನ ಲೇಪದ ತಗಡನ್ನು ಎಂದೂ ಬಳಸಬಾರದು. ಸತು ಕಾದಾಗ ಬರುವ ಹೊಗೆ ಕುಡಿದರೆ ಚಳಿಜ್ವರ ಬಂದು ಮಲಗಿಸುತ್ತದೆ.

ಬೆಂಕಿಪೆಟ್ಟಿಗೆಯ, ಅಂದರೆ ಸೌದೆ ಉರಿಯುವ ಪೆಟ್ಟಿಗೆಯ, ಅಳತೆಗೆ ಕಟ್ಟುವವರು ಒಪ್ಪಿಕೊಂಡ ಒಂದು ಸ್ಥೂಲ ಸೂತ್ರವಿದೆ. ಅದರ ಗಾತ್ರ ಬೇಯಿಸುವ ಕೋಣೆಯ ಮೂರನೆಯ ಒಂದು ಭಾಗವಿರಬೇಕು. ಒಂದು ಗ್ಯಾಲನ್ ಎಂದರೆ 231 ಘನ ಇಂಚು. 250 ಗ್ಯಾಲನ್ನಿಗೆ 57,750. ಅದರ ಮೂರನೆಯ ಒಂದು 19,250. ಇಪ್ಪತ್ನಾಲ್ಕು ಇಂಚು ಅಗಲ, ಅಷ್ಟೇ ಎತ್ತರ, ಮೂವತ್ತಮೂರು ಇಂಚು ಉದ್ದದ ಪೆಟ್ಟಿಗೆ ಮಾಡಿದರೆ 19,008 ಆಗುತ್ತದೆ, ಸಾಕು. ಕಾಲಿಂಚಿನ ಪ್ಲೇಟಿನಲ್ಲಿ ಅದರ ತೂಕವೇ ಮುನ್ನೂರು ಪೌಂಡು ದಾಟಿತು. ದುಂಡನೆಯ ಪೈಪಿನ ತುಂಡು ಬಳಸಿದ್ದರೆ ನೋಡಲು ಚೆನ್ನಾಗಿರುತ್ತಿತ್ತು, ಆದರೆ ಚೌಕ ಪೆಟ್ಟಿಗೆಯ ಮೇಲ್ಭಾಗ ಚಪ್ಪಟೆಯಾಗಿರುತ್ತದೆ, ಅದರಿಂದ ಏನೋ ಉಪಯೋಗವಾದೀತೆಂದು ಆಗಲೇ ನನ್ನ ಒಳಮನಸ್ಸಿಗೆ ಹೊಳೆದಿತ್ತು.

ಈಗ ಆ ದೊಡ್ಡ ತಪ್ಪಿನ ವಿಷಯ. ಚಿಮಣಿಗೆ ಆರಿಂಚಿನ ಪೈಪು ತಂದಿದ್ದೆ. ಅದನ್ನು ಟ್ಯಾಂಕಿನ ಆಚೆ ತುದಿಯಲ್ಲಿ ಎಲ್ಲಿ ಕೂರಿಸಬೇಕು? ನನಗೆ ಸಂಶಯವೇ ಇರಲಿಲ್ಲ. ಬಿಸಿಗಾಳಿ ಮೇಲಕ್ಕೇರುತ್ತದೆ, ನಮ್ಮ ಬ್ಯಾರನ್ನಿನಲ್ಲಿ ಗಾಳಿ ಬರುವ ಕಿಂಡಿಗಳು ಗೋಡೆಯ ಬುಡದಲ್ಲಿ, ಹಬೆ ಹೋಗುವ ಕಿಂಡಿ ಮಾಡಿನ ನೆತ್ತಿಯಲ್ಲಿ. ಆದ್ದರಿಂದ ಚಿಮಣಿಯೂ ಟ್ಯಾಂಕಿನ ನೆತ್ತಿಯಲ್ಲೇ ಇರಬೇಕು. ಯಜಮಾನರು ಜಾಲರಿಯ ಮಟ್ಟದಲ್ಲಿ, ಟ್ಯಾಂಕಿನ ಕೊನೆಯ ಗೋಡೆಗೆ ಕೂರಿಸು ಎಂದು ಒಂದು ಸಲ ಹೇಳಿದರು. ನಾನು ಭೌತಶಾಸ್ತ್ರ ಹೇಳಿದೆ, ಅಪ್ಪನ ಬ್ಯಾರನ್ ಕಥೆಯನ್ನೂ ಹೇಳಿದೆ. ಅವರು ಸುಮ್ಮನಾದರು.

ಮೊದಲ ಬೆಂಕಿ ಹಾಕಿದಾಗ ಬಾಗಿಲಿನ ಮೇಲಿನ ಥರ್ಮಾಮೀಟರು 275 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು, ಸುಮಾರು 135 ಸೆಲ್ಸಿಯಸ್. ನನಗೆ ಹಿಗ್ಗೋ ಹಿಗ್ಗು. ಯಜಮಾನರು ತಮ್ಮ ಜೇಬಿನಿಂದ ಇನ್ನೊಂದು ಥರ್ಮಾಮೀಟರು ತೆಗೆದು ಮಾಂಸ ಕೂರಬೇಕಾದ ಜಾಲರಿಯ ಮೇಲಿಟ್ಟರು. 215. ಅರವತ್ತು ಡಿಗ್ರಿಯ ವ್ಯತ್ಯಾಸ. ಬಿಸಿಯೆಲ್ಲ ಕಿಂಡಿಯಿಂದ ಬಂದದ್ದೇ ಮಾಡಿಗೆ ಏರಿ, ಮಾಡಿನುದ್ದಕ್ಕೂ ಜಾರಿ, ನೆತ್ತಿಯ ಚಿಮಣಿಯಿಂದ ಪರಾರಿಯಾಗುತ್ತಿತ್ತು. ಕೆಳಗಿನ ಮಾಂಸಕ್ಕೆ ಅದರ ಪರಿಚಯವೇ ಆಗುವಂತಿರಲಿಲ್ಲ.

ಆ ರಾತ್ರಿ ಕಾಗದದ ಮೇಲೆ ಎರಡನ್ನೂ ಅಕ್ಕಪಕ್ಕ ಬರೆದು ನೋಡಿದಾಗ ಬ್ಯಾರನ್ನಿಗೂ ಇದಕ್ಕೂ ಎಲ್ಲಿ ಬೇರೆಯಾಗುತ್ತದೆಂದು ತಿಳಿಯಿತು. ಬ್ಯಾರನ್ನಿನಲ್ಲಿ ಬಿಸಿ ನೆಲದುದ್ದಕ್ಕೂ ಹಾಸಿದ ಪೈಪುಗಳಿಂದ ಏಳುತ್ತದೆ. ಅದು ನೆತ್ತಿಗೆ ಹೋಗಬೇಕಾದರೆ ತೂಗುಹಾಕಿದ ಸೊಪ್ಪಿನ ನಡುವೆಯೇ ಹಾಯಬೇಕು, ಬೇರೆ ದಾರಿಯಿಲ್ಲ. ಅಲ್ಲಿ ಗಾಳಿಯ ದಾರಿ ಕೆಳಗಿನಿಂದ ಮೇಲಕ್ಕೆ. ಸ್ಮೋಕರಿನಲ್ಲಿ ಬಿಸಿ ಒಂದು ಪಕ್ಕದಿಂದ ಬಂದು ಇನ್ನೊಂದು ಪಕ್ಕದಿಂದ ಹೋಗುತ್ತದೆ. ಮೇಲೇರುವುದು ಅದರ ಸ್ವಭಾವ. ಮಾಂಸವಿರುವ ಮಟ್ಟಕ್ಕೆ ಅದನ್ನು ಎಳೆದು ತರಬೇಕಾದರೆ ಹೊರದಾರಿಯನ್ನು ಆ ಮಟ್ಟದಲ್ಲೇ ತೆರೆಯಬೇಕು. ಚಿಮಣಿಯ ಉದ್ದ ಮೇಲಕ್ಕೆ ಎಷ್ಟೇ ಇರಲಿ, ಅದರ ಬಾಯಿ ಇರಬೇಕಾದ್ದು ಕೆಳಗೆ. ಅಷ್ಟು ದಿನ ನಾನು ಒಲೆ ಕಟ್ಟುತ್ತಿದ್ದೇನೆಂದು ತಿಳಿದಿದ್ದೆ. ಕಟ್ಟಬೇಕಾಗಿದ್ದದ್ದು ಗಾಳಿ ಹರಿಯುವ ಕಾಲುವೆ, ಉಕ್ಕು ಅದರ ಏರಿ ಮಾತ್ರ.

ಚಿಮಣಿಯನ್ನು ಕತ್ತರಿಸಿ ತೆಗೆದು, ನೆತ್ತಿಯ ತೂತಿಗೆ ಒಂದು ತೇಪೆ ಬೆಸೆದು, ಕೊನೆಯ ಗೋಡೆಯಲ್ಲಿ ಜಾಲರಿಯ ಮಟ್ಟಕ್ಕೆ ಹೊಸ ತೂತು ಕೊರೆದು, ಮೊಣಕೈಯಂತೆ ಬಾಗಿದ ತುಂಡಿನ ಮೂಲಕ ಪೈಪನ್ನು ಮೇಲಕ್ಕೆ ತಿರುಗಿಸಿದೆ. ಮೇಲೆ ಕೆಳಗಿನ ವ್ಯತ್ಯಾಸ ಇಪ್ಪತ್ತು ಡಿಗ್ರಿಗೆ ಇಳಿಯಿತು. ತೇಪೆ ಈಗಲೂ ಕಾಣುತ್ತದೆ. ಬಂದವರೆಲ್ಲ ಅದೇನೆಂದು ಕೇಳುತ್ತಾರೆ, ಯಜಮಾನರು ಅದು ಭೌತಶಾಸ್ತ್ರ ಎಂದು ಉತ್ತರಿಸುತ್ತಾರೆ.

ಟ್ರೈಲರು ಐದಡಿ ಅಗಲ ಹತ್ತಡಿ ಉದ್ದದ್ದು, 3,500 ಪೌಂಡು ಹೊರುವ ಒಂದೇ ಅಚ್ಚಿನದು. ಕಾಗದಪತ್ರ ಸರಿಯಿರುವ ಹಳೆಯ ಟ್ರೈಲರನ್ನೇ ಹುಡುಕಿ ಕೊಂಡಿದ್ದರಿಂದ ನೋಂದಣಿಯ ತಲೆನೋವು ಬರಲಿಲ್ಲ. ದೀಪಗಳ ವೈರಿಂಗ್ ಒಂದು ಸಂಜೆಯ ಕೆಲಸ: ಬಿಳಿಯದು ಅರ್ತು, ಕಂದು ಹಿಂದೀಪಕ್ಕೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಆದರೆ ತೂಕ ಹಂಚುವುದು ಅಷ್ಟು ಸುಲಭವಲ್ಲ. ಎತ್ತಿನ ಗಾಡಿ ಹೂಡಿದವರಿಗೆ ಈ ವಿಷಯ ರಕ್ತದಲ್ಲೇ ಇರುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ಎತ್ತು ಕುಸಿಯುತ್ತದೆ. ಟ್ರೈಲರಿಗೂ ಅದೇ. ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೈಲರು ಹಾವಿನಂತೆ ಹೊರಳಾಡಿ ಎಳೆಯುವ ವಾಹನವನ್ನೇ ತಿರುಗಿಸಿ ಹಾಕುತ್ತದೆ.

ನಾನು ಬೆಂಕಿಪೆಟ್ಟಿಗೆಯನ್ನು ಹಿಂದಕ್ಕೆ ಇಟ್ಟಿದ್ದೆ, ಕೆಂಡ ಬೂದಿ ಎಳೆಯಲು ಅನುಕೂಲವೆಂದು. ಬಚ್ಚಲಮನೆಯಲ್ಲಿ ಮೈತೂಕ ನೋಡುವ ತಕ್ಕಡಿಯನ್ನೇ ಬಳಸಿ ಕೊಂಡಿಯ ಭಾರ ಅಳೆಯುವ ಉಪಾಯವೊಂದಿದೆ. ಮೂರಡಿ ಅಂತರದಲ್ಲಿ ಒಂದು ಕಡೆ ಇಟ್ಟಿಗೆ, ಇನ್ನೊಂದು ಕಡೆ ತಕ್ಕಡಿ ಇಟ್ಟು, ಮೇಲೆ ಹಲಗೆ ಹಾಸಿ, ಇಟ್ಟಿಗೆಯಿಂದ ಒಂದಡಿ ದೂರದಲ್ಲಿ ಕೊಂಡಿಯನ್ನು ಕೂರಿಸಿದರೆ ಅದರ ಭಾರದ ಮೂರನೆಯ ಒಂದು ಭಾಗವಷ್ಟೇ ತಕ್ಕಡಿಯ ಮೇಲೆ ಬೀಳುತ್ತದೆ. ತಕ್ಕಡಿ ಮೂವತ್ತು ತೋರಿಸಿತು. ಅಂದರೆ ತೊಂಬತ್ತು ಪೌಂಡು. 1,670 ಪೌಂಡಿನ ಗಾಡಿಗೆ ನೂರಕ್ಕೆ ಐದೂವರೆಯೂ ಇಲ್ಲ. ಕಾಲುಗಳನ್ನು ಇನ್ನೂ ಚುಕ್ಕಿ ಬೆಸುಗೆಯಲ್ಲಷ್ಟೇ ನಿಲ್ಲಿಸಿದ್ದದ್ದು ಪುಣ್ಯ. ಎರಡು ಜಾಕ್ ಹಚ್ಚಿ, ಇಡೀ ಸ್ಮೋಕರನ್ನು ಎಂಟು ಇಂಚು ಮುಂದಕ್ಕೆ ಸರಿಸಿ, ಕೊಂಡಿಯ ಹಿಂದೆ ಸೌದೆಯ ಪೆಟ್ಟಿಗೆಯೊಂದನ್ನು ಬೆಸೆದು ನೂರು ಪೌಂಡು ಸೌದೆ ತುಂಬಿ ಮತ್ತೆ ಅಳೆದಾಗ ತಕ್ಕಡಿ ಎಪ್ಪತ್ತೆರಡು ತೋರಿಸಿತು. 216 ಪೌಂಡು, ಒಟ್ಟು ತೂಕದ ಸುಮಾರು ಹನ್ನೆರಡು ಪಾಲು. ಇಲ್ಲಿಂದ ಮುಂದೆ ಒಂದು ಎಚ್ಚರ ಬೇಕಾಯಿತು: ಅಡುಗೆ ಮುಗಿಸಿ ಸೌದೆ ಖಾಲಿಯಾಗಿ ಮನೆಗೆ ಮರಳುವಾಗ ಮುಂಭಾರ ಇಳಿದಿರುತ್ತದೆ. ಅದಕ್ಕೇ ಮರಳುವಾಗ ಆ ಪೆಟ್ಟಿಗೆಯಲ್ಲಿ ನೀರಿನ ಕ್ಯಾನುಗಳನ್ನು ಇಡುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಬಡಾವಣೆಯ ನಿವಾಸಿಗಳ ಸಂಘದಿಂದ ಈ ನಡುವೆ ಎರಡು ಪತ್ರ ಬಂದವು, ಮನೆಯ ಮುಂದೆ ಟ್ರೈಲರು ನಿಲ್ಲಿಸಕೂಡದೆಂದು. ತಿಂಗಳ ಬಾಡಿಗೆಗೆ ಊರಾಚೆಯ ಒಂದು ಅಂಗಳದಲ್ಲಿ ನಿಲ್ಲಿಸಿದೆ.

ಮೊದಲ ಅಡುಗೆಗೆ ಮುಂಚೆ ಒಳಗಿನ ಹಳೆಯ ಕೊಳೆ ಸುಡುವಂತೆ ಒಂದು ದಿನ ದೊಡ್ಡ ಬೆಂಕಿ ಹಾಕಿ, ಕೆರೆದು ತೊಳೆದು, ಎಣ್ಣೆ ಸವರಿ ಮತ್ತೆ ಕಾಯಿಸಬೇಕು; ಹೊಸ ಕಾವಲಿಯನ್ನು ಪಳಗಿಸಿದ ಹಾಗೆಯೇ. ಅದಾದ ಮೇಲೆ ಬಿಸ್ಕತ್ತಿನ ಪರೀಕ್ಷೆ. ಅಮೆರಿಕದ ದಕ್ಷಿಣದಲ್ಲಿ ಬಿಸ್ಕತ್ತು ಎಂದರೆ ಚಹಾದಲ್ಲಿ ಅದ್ದುವ ನಮ್ಮ ಬಿಸ್ಕತ್ತಲ್ಲ, ಮೆತ್ತನೆಯ ಸಣ್ಣ ಬನ್ನು. ಅದರ ಹಿಟ್ಟಿನ ಉಂಡೆಗಳು ಡಬ್ಬಿಯಲ್ಲೇ ಸಿಗುತ್ತವೆ. ಜಾಲರಿಯ ಮೇಲೆ ಈ ತುದಿಯಿಂದ ಆ ತುದಿಗೆ ಸಾಲಾಗಿ ಇಪ್ಪತ್ತನಾಲ್ಕು ಉಂಡೆ ಇಟ್ಟು ಇಪ್ಪತ್ತು ನಿಮಿಷ ಬಿಟ್ಟು ಬಾಗಿಲು ತೆರೆದರೆ, ಗಾಳಿ ಹರಿದ ದಾರಿಯ ನಕ್ಷೆಯೇ ಮುಂದಿರುತ್ತದೆ. ಕಿಂಡಿಯ ಪಕ್ಕದ ಆರು ಇದ್ದಿಲಾಗಿದ್ದವು. ನಡುವಿನವು ಹೊಂಬಣ್ಣ. ಚಿಮಣಿಯ ಕಡೆಯ ನಾಲ್ಕು, ಬೇಯದ ಕಡುಬಿನಂತೆ ಬಿಳಿಚಿಕೊಂಡು ಕೂತಿದ್ದವು. ಕಿಂಡಿಯ ಮುಂದೆ ಕೆಳಮುಖವಾಗಿ ಬಾಗಿದ ಒಂದು ಕಾಲಿಂಚಿನ ತಗಡನ್ನು ಮರೆಯಾಗಿ ಬೆಸೆದೆ. ನೇರ ಬರುವ ಬಿಸಿ ಅದಕ್ಕೆ ಬಡಿದು ಕೆಳಗಿಳಿದು ಮುಂದೆ ಸಾಗುತ್ತದೆ. ಎರಡನೆಯ ಸಲ ಮೂರೇ ಬಿಸ್ಕತ್ತು ಕಪ್ಪಾದವು. ಅಲ್ಲಿಗೆ ಸಾಕೆಂದೆ. ಎಲ್ಲ ಕಡೆ ಒಂದೇ ಬಿಸಿ ಇರಬೇಕೆಂದು ಹಟ ಹಿಡಿಯುವವರಿದ್ದಾರೆ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಬಿಸಿ ಹೆಚ್ಚಿರುವ ತುದಿಯಲ್ಲಿ ಕೋಳಿ ಇಡಬಹುದು.

ನಮ್ಮ ಕನ್ನಡ ಬಳಗದ ವನಭೋಜನಕ್ಕೆ ಮೊದಲ ಅಡುಗೆ ಗೊತ್ತಾಯಿತು. ಹನ್ನೆರಡು ಪೌಂಡಿನ ಬ್ರಿಸ್ಕೆಟ್ ಒಂದು, ದನದ ಎದೆಯ ಭಾಗದ ಮಾಂಸ. ಅದನ್ನು ತಿನ್ನದವರಿಗೆ ಎರಡು ಕುರಿತೊಡೆ ಮತ್ತು ಕೋಳಿ. ಬ್ರಿಸ್ಕೆಟ್‌ಗೆ ಉಪ್ಪು, ಒರಟಾಗಿ ಕುಟ್ಟಿದ ಮೆಣಸು ಬಿಟ್ಟು ಬೇರೇನೂ ಹಚ್ಚುವುದಿಲ್ಲ. ರಾತ್ರಿ ಒಂಬತ್ತಕ್ಕೆ ಪೋಸ್ಟ್ ಓಕ್ ಸೌದೆಯ ಬೆಂಕಿ ಹಾಕಿ, ಹತ್ತೂವರೆಗೆ ಮಾಂಸ ಇಟ್ಟೆ. ಕುರ್ಚಿಯೊಂದನ್ನು ಬೆಂಕಿಪೆಟ್ಟಿಗೆಯ ಮುಂದೆ ಎಳೆದುಕೊಂಡು ಕೂತಾಗ ಹನ್ನೊಂದು ಗಂಟೆ. ಪಿರಿಯಾಪಟ್ಟಣದಲ್ಲಿ ಬೆಳಗಿನ ಒಂಬತ್ತೂವರೆ. ಅಪ್ಪನಿಗೆ ವಿಡಿಯೋ ಕರೆ ಮಾಡಿ ಗಾಡಿಯನ್ನೆಲ್ಲ ಸುತ್ತು ಹಾಕಿ ತೋರಿಸಿದೆ. ಬಾಗಿಲು, ಬಣ್ಣ, ಚಕ್ರ, ಅವರು ಯಾವುದಕ್ಕೂ ಏನೂ ಅನ್ನಲಿಲ್ಲ.

"ಹೊಗೆ ತೋರ್ಸು," ಎಂದರು.

ಚಿಮಣಿಯ ಬಾಯಿಗೆ ಟಾರ್ಚು ಬಿಟ್ಟು ಫೋನು ಎತ್ತಿ ಹಿಡಿದೆ. ಹತ್ತಿಯ ಹಾಗೆ ಬಿಳಿ ಹೊಗೆ ಉರುಳುರುಳಾಗಿ ಏಳುತ್ತಿತ್ತು.

"ಹಸಿ ಸೌದೆ ಹಾಕಿದ್ದೀಯ ಕಣಪ್ಪ."

"ಇಲ್ಲ ಅಪ್ಪ, ವರ್ಷ ಒಣಗಿದ್ದು ಅಂತ ಹೇಳಿ ಕೊಟ್ಟವ್ರೆ."

"ಕೊಟ್ಟೋನು ನೂರು ಹೇಳ್ತಾನೆ. ಆ ಹೊಗೆಲಿ ನಾನು ಸೊಪ್ಪು ಬೇಯ್ಸಿಲ್ಲ, ನೀನು ಬಾಡು ಬೇಯ್ಸಬ್ಯಾಡ. ಒಳಗೆ ಯಾವ ಕೊಳ್ಳಿ ಬುಡದಲ್ಲಿ ನೊರೆ ಕಾರ್ತದೆ ನೋಡು, ಅದನ್ನ ಆಚೆ ಎಳಿ."

ಬೆಂಕಿಪೆಟ್ಟಿಗೆಯ ಬಾಗಿಲು ತೆರೆದು ನೋಡಿದೆ. ಮೂರು ಕೊಳ್ಳಿಗಳಲ್ಲಿ ಒಂದರ ಹಿಂತುದಿಯಲ್ಲಿ ಸಣ್ಣ ಗುಳ್ಳೆಗಳು ಸುಯ್ಗುಟ್ಟುತ್ತ ಒಡೆಯುತ್ತಿದ್ದವು. ಅದನ್ನು ಇಕ್ಕಳದಿಂದ ಹೊರಗೆಳೆದು, ತೇವದ ಮೀಟರಿನಿಂದ ಅದರ ಜೊತೆಯಲ್ಲಿ ಬಂದ ಸೌದೆಯನ್ನು ಅಳೆದರೆ ನೂರಕ್ಕೆ ಮೂವತ್ತೊಂದು. ಇರಬೇಕಾದ್ದು ಇಪ್ಪತ್ತರ ಆಸುಪಾಸು. ಗಾಳಿಕಿಂಡಿಯನ್ನು ಪೂರ್ತಿ ತೆರೆದು, ಸಣ್ಣಗೆ ಸೀಳಿದ ಒಣ ಸೌದೆ ಎರಡು ಹಾಕಿದೆ. ಹತ್ತು ನಿಮಿಷದಲ್ಲಿ ಚಿಮಣಿಯ ಬಾಯಲ್ಲಿ ಹೊಗೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳು ನೀಲಿ. ಆ ಬಿಳಿ ಹೊಗೆಯಲ್ಲೇ ರಾತ್ರಿಯೆಲ್ಲ ಬೇಯಿಸಿದ್ದರೆ ಮಾಂಸ ಡಾಂಬರಿನ ಕಹಿ ಹಿಡಿಯುತ್ತಿತ್ತು.

ಬೆಳಗಿನ ಜಾವ ಮಾಂಸದ ಒಳಗಿನ ಬಿಸಿ 160 ಡಿಗ್ರಿಗೆ ಬಂದು ನಿಂತುಬಿಟ್ಟಿತು. ನಾಲ್ಕು ಗಂಟೆ ಕದಲಲಿಲ್ಲ. ಮೇಲ್ಮೈಯಿಂದ ನೀರು ಆವಿಯಾಗುತ್ತ ಮಾಂಸವನ್ನು ತಂಪಾಗಿಸುವುದರಿಂದ ಹೀಗಾಗುತ್ತದೆಂದು ಗೊತ್ತಿದ್ದರೂ, ಬೆಂಕಿ ಜೋರು ಮಾಡಲು ಕೈ ತುರಿಸುತ್ತದೆ. ಅಪ್ಪ ಮತ್ತೆ ಫೋನು ಮಾಡಿದವರು ಕೇಳಿ ನಕ್ಕರು. ಬ್ಯಾರನ್ನಿನಲ್ಲೂ ಕೊನೆಗೆ 160ಕ್ಕೆ ತಂದು ಎಲೆಯ ನಡುದಂಟು ಒಣಗಿಸುತ್ತಾರೆ. ಎಲೆ ಒಂದು ದಿನದಲ್ಲಿ ಒಣಗಿದರೂ ದಂಟಿನ ನೀರು ಬೇಗ ಬಿಡುವುದಿಲ್ಲ. "ನೀರು ಆರೋ ಗಂಟ ಕೂತ್ಕೊ. ಬೆಂಕಿ ಮುಟ್ಟಬ್ಯಾಡ," ಎಂದು ಇಟ್ಟರು. ಮುಟ್ಟಲಿಲ್ಲ. ಮುಕ್ಕಾಲು ಗಂಟೆಗೊಂದು ಸೌದೆ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ 203 ಮುಟ್ಟಿತು. ಕಡ್ಡಿ ಚುಚ್ಚಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಇನ್ನು ಬೆಂಕಿಪೆಟ್ಟಿಗೆಯ ಚಪ್ಪಟೆ ಮೇಲ್ಭಾಗದ ವಿಷಯ. ಬಳಗದ ಅರ್ಧ ಜನ ಸಸ್ಯಾಹಾರಿಗಳು. ಮಾಂಸವಿದ್ದ ಕೋಣೆಯಲ್ಲಿ ಅವರ ಬದನೆಕಾಯಿ ಇಡುವ ಪ್ರಶ್ನೆಯೇ ಇಲ್ಲ. ಆದರೆ ಆ ಕಾಲಿಂಚಿನ ಪ್ಲೇಟು ಮಾಂಸ ಮುಟ್ಟದ, ಹೊಗೆ ತಾಗದ, ನೀರು ಚಿಮುಕಿಸಿದರೆ ಚುರ್ರೆನ್ನುವ ಎರಡಡಿ ಅಗಲದ ಕಾವಲಿ. ಹಾಸನದ ಕಡೆಯ ಹಿರಿಯಕ್ಕನೊಬ್ಬರು ಅದನ್ನು ಉಪ್ಪು ಹಾಕಿ ಉಜ್ಜಿ, ಎಣ್ಣೆ ಸವರಿ, ಬಾಳೆಎಲೆಯ ಮೇಲೆ ತಟ್ಟಿದ ಅಕ್ಕಿರೊಟ್ಟಿಯನ್ನು ಮಗುಚಿ ಹಾಕಿದರು. ಒಂದೇ ಸಲಕ್ಕೆ ನಾಲ್ಕು ರೊಟ್ಟಿ. ಮೂರು ಗಂಟೆಯ ಹೊತ್ತಿಗೆ ಬಾಗಿಲಿನ ಮುಂದಿನ ಸಾಲಿಗಿಂತ ರೊಟ್ಟಿಯ ಸಾಲು ಉದ್ದವಾಗಿತ್ತು, ಯಜಮಾನರೂ ಎರಡನೆಯ ಸಾಲಿನಲ್ಲೇ ತಟ್ಟೆ ಹಿಡಿದು ನಿಂತಿದ್ದರು. ಗಾಡಿಗೆ ಹೊಗೆಬಂಡಿ ಎಂಬ ಹೆಸರು ಬಿದ್ದದ್ದು ಅಂದೇ. ರೈಲಿಗೆ ಹಿಂದೆ ಹೇಳುತ್ತಿದ್ದ ಆ ಮಾತು ಮಕ್ಕಳಿಗೆ ಹೊಸದಾಗಿ ಕೇಳಿಸಿ ಬಾಯಿಗೆ ಹತ್ತಿತು.

ಎಡಬಾಗಿಲಿನ ಕೆಳಮೂಲೆ ಈಗಲೂ ಸೋರುತ್ತದೆ. ಅದಕ್ಕೆಂದು ತಂದ ಶಾಖ ತಡೆಯುವ ಹಗ್ಗ ಗ್ಯಾರೇಜಿನ ಮೊಳೆಗೆ ನೇತುಬಿದ್ದಿದೆ, ಹಚ್ಚಿಲ್ಲ. ಪ್ರತಿ ಅಡುಗೆಗೂ ಅಲ್ಲಿ ಕೊಬ್ಬೂ ಮಸಿಯೂ ಸೇರಿ ಕರಿಯ ಅಂಟು ಗಟ್ಟಿಯಾಗುತ್ತ ಬರುತ್ತಿದೆ. ಮೊದಲ ಸಲ ಬೆರಳಗಲ ಬರುತ್ತಿದ್ದ ಹೊಗೆ ಕಳೆದ ಭಾನುವಾರ ಊದುಬತ್ತಿಯಷ್ಟಿತ್ತು.